ಮಂಡಕ್ಕಿ ಚೀಲ ಮತ್ತು ಜೋಗಿಮಟ್ಟಿಯ ಗಾಳಿ

ದಾವಣಗೆರೆಯವರಿಗೆ ಎತ್ತರದ ಅಭ್ಯಾಸ ಕಡಿಮೆ. ಊರು ತಟ್ಟೆ ಹಾಗೆ ಚಪ್ಪಟೆ. ಬಾತಿ ಗುಡ್ಡ, ಕೊಂಡಜ್ಜಿ ಗುಡ್ಡ ಬಿಟ್ಟರೆ ನಾವು ದಿನಾ ಏರುವ ಎತ್ತರ ಅಂದರೆ ಮನೆಯ ಟೆರೇಸು. ಅದೂ ಹಪ್ಪಳ ಒಣಗಿಸೋಕೆ. ಹಾಗಾಗಿ ಗುಡ್ಡ ಹತ್ತುವ ಹುಕಿ ಬಂದಾಗ ನಮ್ಮ ಗಾಡಿ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದ ಕಡೆ ತಿರುಗುತ್ತದೆ.

ದೂರದ ಬೆಟ್ಟ ನುಣ್ಣಗೆ ಅಂದವರು ದುರ್ಗ ನೋಡಿರಲಿಕ್ಕಿಲ್ಲ. ಅದು ದೂರದಿಂದಲೇ ಒರಟು. ಹೆದ್ದಾರಿಯಿಂದ ನೋಡಿದರೆ ಯಾರೋ ಲಾರಿಗಟ್ಟಲೆ ಬಂಡೆ ತಂದು ಸುರಿದು, ಜೋಡಿಸೋಣ ಅಂದುಕೊಂಡು ಮರೆತು ಹೋದ ಹಾಗೆ ಕಾಣುತ್ತದೆ.

ಮೊದಲ ಸಲ ನಾವು ಹತ್ತಿದ್ದು ಕೋಟೆ. ಅವತ್ತು ಬೆಣ್ಣೆ ದೋಸೆ ತಿಂದು ಹೊರಟಿದ್ದೆವು. ಒಬ್ಬೊಬ್ಬರೂ ಮೂರು ಮೂರು. ಗುಡ್ಡ ಹತ್ತುವವರು ಮಾಡಬಾರದ ಕೆಲಸ ಅದು. ಓಬವ್ವನ ಕಿಂಡಿ ಹತ್ತಿರ ಬಂದಾಗ ಹೆಂಡತಿ ಒಮ್ಮೆ ಕಿಂಡಿ ನೋಡಿದಳು, ಒಮ್ಮೆ ನನ್ನ ಹೊಟ್ಟೆ ನೋಡಿದಳು. "ನೀವು ಹೈದರಾಲಿ ಸೈನ್ಯದಲ್ಲಿ ಇದ್ದಿದ್ರೆ ಓಬವ್ವನಿಗೆ ಒನಕೆನೇ ಬೇಕಾಗ್ತಿರಲಿಲ್ಲ. ಒಬ್ಬರೇ ಸಿಕ್ಕಿಹಾಕ್ಕೊಂಡು ದಾರಿ ಮುಚ್ಚಿಬಿಡ್ತಿದ್ರಿ" ಅಂದಳು. ಮಕ್ಕಳು ಈಗಲೂ ಅದನ್ನು ನೆಂಟರ ಮುಂದೆ ಹೇಳುತ್ತಾರೆ.

ಅಲ್ಲಿ ತುಪ್ಪದ ಕೊಳದ ಬತೇರಿ ಅಂತ ಒಂದು ಕಾವಲು ಬುರುಜು ಇದೆ. ಇಳಿಜಾರಿನ ಬಂಡೆಯಲ್ಲಿ ಕಾಲಿನ ತುದಿ ಊರುವಷ್ಟೇ ಗುಳಿ ಕೊರೆದಿದ್ದಾರೆ. ಅವನ್ನೇ ಹಿಡಿದು ಮೇಲೆ ಹೋಗಬೇಕು. ಮಗ ಹಲ್ಲಿ ಹಾಗೆ ಹೋದ. ನಾನು ಅವನ ಹಿಂದೆ ಮರ್ಯಾದೆಗಾಗಿ ಹೋದೆ. ಹತ್ತುವಾಗ ಕಣ್ಣು ಮೇಲಕ್ಕಿರುತ್ತದೆ, ಏನೂ ಅನಿಸುವುದಿಲ್ಲ. ಇಳಿಯುವಾಗ ಇಡೀ ದುರ್ಗ ಪಾದದ ಕೆಳಗೆ ಕಾಣುತ್ತದೆ. ಕೂತುಕೊಂಡೇ ಇಳಿದೆ. ಪ್ಯಾಂಟಿನ ಹಿಂಭಾಗ ದುರ್ಗಕ್ಕೆ ಅರ್ಪಣೆ ಆಯಿತು.

ಆಮೇಲೆ ನಾವು ದುರ್ಗದ ಹತ್ತಿರದ ಇನ್ನೊಂದು ಗುಡ್ಡ, ಜೋಗಿಮಟ್ಟಿಗೆ ಬದಲಾಯಿಸಿದೆವು. ಅಲ್ಲಿ ಮೇಲಿನ ತನಕ ರಸ್ತೆ ಇದೆ, ಬಂಡೆ ಹಿಡಿದು ಹತ್ತಬೇಕಿಲ್ಲ, ನಡೆದರೆ ಸಾಕು. ಅಮ್ಮನ ಮಂಡಿಗೂ ನನ್ನ ಮರ್ಯಾದೆಗೂ ಅದೇ ಸರಿ. ಬಯಲುಸೀಮೆಯ ಊಟಿ ಅಂತ ಅದಕ್ಕೆ ಹೆಸರು. ಊಟಿ ನೋಡಿ ಬಂದವರು ನಗಬಹುದು. ಆದರೆ ಮೂರು ತಿಂಗಳು ಬೆಂದು ಬಂದ ದಾವಣಗೆರೆಯ ಮೈಗೆ ಆಷಾಢದ ಜೋಗಿಮಟ್ಟಿ ಊಟಿಗಿಂತ ಒಂದು ಕೈ ಜಾಸ್ತಿನೇ. ಮೋಡ ರಸ್ತೆಗೇ ಇಳಿದಿರುತ್ತದೆ. ಮುಂದಿನ ತಿರುವು ಕಾಣುವುದಿಲ್ಲ. ನವಿಲು ಕೂಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಇದು ಕರಡಿ, ಚಿರತೆ ಇರುವ ಕಾಡು ಅಂತ ನಾನು ಹೇಳಿದ್ದೇ ತಪ್ಪಾಯಿತು. ಮಗ ಕಂಡ ಬಂಡೆಯನ್ನೆಲ್ಲ ಕರಡಿ ಮಾಡಿದ.

ಗುಡ್ಡದಲ್ಲಿ ದೂರ ಅಳೆಯೋದು ಕಿಲೋಮೀಟರಿನಲ್ಲಿ ಅಲ್ಲ, ಸುಳ್ಳಿನಲ್ಲಿ. ಮೇಲಿನಿಂದ ಇಳಿದು ಬರುವವರನ್ನು "ಇನ್ನೂ ಎಷ್ಟು ದೂರ?" ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಇಲ್ಲೇ ಐತ್ರಿ, ಬಂದೇ ಬಿಡ್ತು." ಅಮ್ಮ ಅದನ್ನು ನಾಲ್ಕು ಸಲ ನಂಬಿದರು. ಐದನೇ ಸಲ ಒಂದು ಕಲ್ಲಿನ ಮೇಲೆ ಕೂತು, "ಬಂದ ಮೇಲೆ ನನ್ನನ್ನು ಕರೀರಿ" ಅಂದರು.

ಏರು ಶುರುವಾದ ಮೇಲೆ ಯಾರೂ ಅಕ್ಕಪಕ್ಕ ನಡೆಯುವುದಿಲ್ಲ. ಒಬ್ಬೊಬ್ಬರ ಉಸಿರು ಒಂದೊಂದು ಥರ, ತಾನಾಗೇ ಸಾಲು ಬೀಳುತ್ತದೆ. ಮನೆಯಲ್ಲಿ ಮಾತಾಡುವಾಗ ಮುಖ ಇರುತ್ತದೆ. ಮುಖದ ಮೇಲೆ ಹುಬ್ಬು ಇರುತ್ತದೆ. ಗುಡ್ಡದಲ್ಲಿ ಮುಂದೆ ಇರುವುದು ಬರೀ ಬೆನ್ನು. ಬೆನ್ನಿಗೆ ಹುಬ್ಬು ಇಲ್ಲ.

ಆ ದಿನ ನನ್ನ ಹಿಂದೆ ಪಿಯುಸಿ ಓದುವ ಮಗಳು ಬರುತ್ತಿದ್ದಳು. ಎರಡು ತಿರುವು ಸುಮ್ನೆ ಬಂದಳು. ಮೂರನೆಯ ತಿರುವಿನಲ್ಲಿ "ಅಪ್ಪಾ, ಟೆಸ್ಟಲ್ಲಿ ಫಿಸಿಕ್ಸ್‌ಗೆ 19 ಬಂದಿದೆ" ಅಂದಳು.

ನಾನು ತಿರುಗಲಿಲ್ಲ. ಒಳ್ಳೆಯತನದಿಂದ ಅಲ್ಲ, ಏದುಸಿರಿನಿಂದ. "ಎಷ್ಟಕ್ಕೆ?" ಅಂದೆ. ನಾಲ್ಕು ಹೆಜ್ಜೆ ಸದ್ದಿಲ್ಲ.

"ಎಪ್ಪತ್ತಕ್ಕೆ."

ಮನೆಯಲ್ಲಾಗಿದ್ದರೆ ಇಲ್ಲಿಂದ ಒಂದು ಗಂಟೆಯ ಭಾಷಣ ಇತ್ತು. ನನ್ನ ಕಾಲದ ಸೀಮೆಎಣ್ಣೆ ದೀಪ ಅದರಲ್ಲಿ ಬರಲೇಬೇಕಿತ್ತು. ಆದರೆ ಭಾಷಣಕ್ಕೆ ಗಾಳಿ ಬೇಕು, ಇದ್ದ ಗಾಳಿಯೆಲ್ಲ ಕಾಲಿಗೆ ಹೋಗುತ್ತಿತ್ತು. "ಹ್ಞೂಂ" ಅಂದೆ. ಅಷ್ಟೇ ಬಂದಿದ್ದು. ಅವಳಿಗೆ ಅದು ಏನು ಕೇಳಿಸಿತೋ! ಮುಂದಿನ ತಿರುವಿನ ತನಕ ಯಾವ ಪಾಠ ಅರ್ಥವಾಗಿಲ್ಲ, ಯಾವ ಗೆಳತಿ ಜೊತೆ ಮಾತು ಬಿಟ್ಟಿದ್ದಾಳೆ, ಹಾಸ್ಟೆಲ್ ಯಾಕೆ ಬೇಡ, ಎಲ್ಲಾ ಹೇಳಿದಳು. ಒಂದು ವರ್ಷದಲ್ಲಿ ಅಷ್ಟು ಮಾತು ಮನೆಯಲ್ಲಿ ಆಡಿರಲಿಲ್ಲ.

ಹೆಗಲಿಗೆ ಮಂಡಕ್ಕಿ ಚೀಲ ಬೇರೆ ಇತ್ತು. ಮಂಡಕ್ಕಿ ಹೊರುವವನಿಗೆ ಭಾರದ ಮಾತೇ ಇಲ್ಲ. ಮನೆಮಂದಿಗೆಲ್ಲ ಸಾಕಾಗುವಷ್ಟು ಹೊತ್ತರೂ ದಿಂಬು ಹೊತ್ತ ಹಾಗೆ. ಭಟ್ಟಿಯಿಂದ ತಂದ ಗರಿಗರಿ ಮಂಡಕ್ಕಿ, ಬೇರೆ ಡಬ್ಬಿಯಲ್ಲಿ ಹೆಚ್ಚಿದ ಈರುಳ್ಳಿ, ಹುರಿಗಡಲೆ ಪುಡಿ, ತಣ್ಣಗಾದ ಮೆಣಸಿನಕಾಯಿ ಬಜ್ಜಿ. ಮೇಲೆ ಹೋಗಿ ಕಲಸಬೇಕು ಅಂತ ಹೆಂಡತಿಯ ಯೋಜನೆ.

ಮೇಲೆ ಹೋದೆವು. ಮೋಡ ಸ್ವಲ್ಪ ಸರಿದು, ಸುತ್ತಲಿನ ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳು ಕಂಡವು. ಮಗ ಎಣಿಸಲು ಕುಳಿತ. ಗಾಳಿಯಂತ್ರ ಅಷ್ಟೊಂದು ಯಾಕೆ ಹಾಕಿದ್ದಾರೆ ಅಂತ ಅಲ್ಲಿ ಒಂದು ಕ್ಷಣ ಯೋಚನೆ ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ಹೆಂಡತಿ ಅಗಲವಾದ ಬುಟ್ಟಿ ತೆಗೆದು ಮಂಡಕ್ಕಿ ಸುರಿದಳು.

ಬುಟ್ಟಿಯಲ್ಲಿ ಮಂಡಕ್ಕಿ ಇದ್ದದ್ದು ಎರಡು ಸೆಕೆಂಡು. ಆಮೇಲೆ ಅದು ಮಲ್ಲಿಗೆ ಎರಚಿದ ಹಾಗೆ ಎದ್ದಿತು. ಅರ್ಧ ಕಣಿವೆಗೆ, ಅರ್ಧ ನಮ್ಮ ತಲೆಗೆ. ಹೆಂಡತಿ ಬುಟ್ಟಿ ಮೇಲೆ ಬಿದ್ದಳು, ಮಗಳು ಸೆರಗಿನಂತೆ ದುಪಟ್ಟಾ ಹರಡಿದಳು, ನಾನು ಈರುಳ್ಳಿ ಡಬ್ಬಿ ಕಾಪಾಡಿದೆ. ಮಗ ಮಾತ್ರ ಬಾಯಿ ತೆರೆದು ಗಾಳಿಗೆ ಎದುರು ನಿಂತ. ಅವನಿಗೆ ಆರೋ ಏಳೋ ಸಿಕ್ಕವು. ಉಳಿದವರು ಬರೀ ಮೆಣಸಿನಕಾಯಿ ತಿಂದು, ಕಣ್ಣೀರು ಒರೆಸಿಕೊಂಡೆವು.

ಇಳಿಯುವಾಗ ಕಲ್ಲಿನ ಮೇಲೆ ಅಮ್ಮ ಇದ್ದರು. ಯಾರೋ ಅಪರಿಚಿತ ಕುಟುಂಬ ಮೇಲೇರಿ ಬಂದು, ಸುಸ್ತಾಗಿ ಅವರ ಪಕ್ಕ ನಿಂತಿತ್ತು. "ಅಜ್ಜಿ, ಇನ್ನೂ ಎಷ್ಟು ದೂರ?" ಅಂತ ಕೇಳಿದರು. ತುದಿಯನ್ನು ಕಣ್ಣಲ್ಲೂ ನೋಡದ ನಮ್ಮಮ್ಮ ಕೈ ಬೀಸಿ, "ಇಲ್ಲೇ ಐತಪ್ಪ, ಬಂದೇ ಬಿಡ್ತು" ಅಂದರು.

ಕಾರಿನಲ್ಲಿ ಎಲ್ಲರೂ ಮತ್ತೆ ಸುಮ್ಮನಾದೆವು. ಅಕ್ಕಪಕ್ಕ ಕೂತೆವಲ್ಲ, ಅದಕ್ಕೆ. ಹಿಂದಿನ ಸೀಟಿನಲ್ಲಿದ್ದ ಮಗಳು ಭರಮಸಾಗರ ದಾಟುವಾಗ ಮುಂದೆ ಬಾಗಿ ನನ್ನ ಕಾಲರಿಗೆ ಬೆರಳು ಹಾಕಿದಳು.

"ಅಪ್ಪಾ, ಇಲ್ಲಿ ನಾಲ್ಕು ಮಂಡಕ್ಕಿ ಇದೆ" ಅಂದಳು. ಎರಡು ತಾನು ತಿಂದು, ಎರಡು ನನ್ನ ಬಾಯಿಗೆ ಹಾಕಿದಳು. ಮೆತ್ತಗಾಗಿದ್ದವು.