ಯಾವ್ದು ಅಂತ ಹೇಳ್ರಿ ನೋಡೂಣು!

ನಾಲಿಗೆಗೆ ಮಾತ್ರ ಬುದ್ಧಿ ಅನ್ನೋದೇ ಇಲ್ಲ. ದವಡೆ ಹಲ್ಲಿನ ಒಂದು ಮೂಲೆ ಮುರಿದು ಅಂಚು ಚೂಪಾಗಿದೆ, ಆ ಕಡೆ ಹೋಗಬೇಡ ಎಂದು ಎಷ್ಟು ತಾಕೀತು ಮಾಡಿದರೂ ಮತ್ತೆ ಅಲ್ಲಿಗೇ ಹೋಗಿ ಗೀರಿಸಿಕೊಂಡು ಬರುತ್ತದೆ. ಆಫೀಸಿನಲ್ಲಿ ಸಾಹೇಬರು ಬೈಯುವಾಗಲೂ ಅದೇ ಕೆಲಸ. "ಬೈದರ ನಗ್ತೀರಲ್ರೀ" ಅಂದರು ಅವರು. ನಗು ಅಲ್ರೀ ಅದು, ನೋವು.

ಖಡಕ್ ರೊಟ್ಟಿಯಿಂದಲೇ ಮುರಿದದ್ದು ಅಂತ ಓಣಿಯವರೆಲ್ಲ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಶುದ್ಧ ಸುಳ್ಳು. ಖಡಕ್ ರೊಟ್ಟಿ ಬಾಯಲ್ಲಿ ತಾನೇ ಪುಡಿಯಾಗುತ್ತದೆ ಹೊರತು ಯಾರ ಹಲ್ಲಿನ ತಂಟೆಗೂ ಹೋಗುವುದಿಲ್ಲ. ಹಲ್ಲು ಮುರಿದದ್ದು ತೊಗರಿ ಬ್ಯಾಳಿಯೊಳಗಿದ್ದ ಹರಳಿನಿಂದ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಎಂಬ ಸರ್ಕಾರಿ ಗುರುತು, ಸಿಕ್ಕಾಗ ಕಲಬುರಗಿಯವರೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದ್ದೆವು. ಆ ಮಾನ್ಯತೆ ಹರಳಿಗೂ ಅನ್ವಯಿಸುತ್ತದೋ ಏನೋ.

ಸೊಲ್ಲಾಪುರಕ್ಕೆ ಹೋಗ್ರಿ, ಹೈದರಾಬಾದಿಗೆ ಹೋಗ್ರಿ ಎಂಬ ಸಲಹೆಗಳು ಬಂದವು. ನೆಗಡಿಯಾದರೂ ನಮ್ಮವರಿಗೆ ರೈಲಿನ ಟೈಮೇ ಮೊದಲು ನೆನಪಾಗುವುದು. ನಾನು ಊರಲ್ಲೇ ಒಬ್ಬ ಡಾಕ್ಟರ್ ಹತ್ತಿರ ಹೋಗಿ ಬಾಯಿ ತೆರೆದೆ.

"ನರಕ್ಕ ಮುಟ್ಟಿಲ್ಲ, ಚಲೋ ಆತು. ಕಾಂಪೋಸಿಟ್ ಅಂತ ಮೆತ್ತಗಿನ ರಾಳ ಬರ್ತದ, ಅದನ್ನ ತುಂಬಿದ್ರ ಒಂದೇ ಸಲಕ್ಕ ಮುಗೀತದ, ಹಲ್ಲಿನ ಬಣ್ಣದ್ದೇ ಇರ್ತದ. ಆದ್ರ ಚಾ ಕುಡಿದು ಕುಡಿದು ಕಲೆ ಹಿಡೀತದ, ಸವೀತದ, ಒಮ್ಮೊಮ್ಮಿ ಚೂರು ಹಾರ್ತದ. ಕ್ಯಾಪ್ ಗಟ್ಟಿ, ರೊಕ್ಕಾನೂ ಭಾಳ. ಹಲ್ಲು ಸುತ್ತಲೂ ಒಂದು-ಒಂದೂವರಿ ಮಿಲಿಮೀಟರ್ ಅರೀಬೇಕು, ಅಳತಿ ತಗೊಂಡು ಲ್ಯಾಬಿಗೆ ಕಳಸಬೇಕು. ಏನ್ ಮಾಡೂಣ್ರಿ?"

ಸಾದಾ ದೋಸೆಯೋ ಮಸಾಲೆಯೋ ಎಂದು ಕೇಳುವ ಧಾಟಿ! ಐದು ವರ್ಷ ಬಿಡಿಎಸ್ ಓದಿದವರು ಅವರು, ಬಿ.ಕಾಂ. ಪಾಸಾದವನಿಗೆ ಕೇಳುವುದು "ಏನ್ ಮಾಡೂಣ್ರಿ". ಬಾಯೊಳಗೆ ಕನ್ನಡಿ ಇದ್ದದ್ದರಿಂದ "ಆಂ" ಅಂದೆ. ವಿಚಾರ ಮಾಡಿ ಹೇಳ್ತೀನಿ ಅಂದೆನೆಂದು ತಿಳಿದು ಅವರು ಕೈ ತೊಳೆದುಕೊಂಡರು.

ವಿಚಾರ ಮಾಡಲು ಮಾಮಾ ಬಿಟ್ಟರೆ ತಾನೆ? ಮಾಮಾ ಅಂದರೆ ಅಕ್ಕನ ಗಂಡ. ರೂಟ್ ಕೆನಾಲ್ ಆದಮೇಲೆ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಹಾಕಿಸಿಕೊಂಡವರು. ಅದರ ವಾರಂಟಿ ಕಾರ್ಡು ಪಾಕೀಟಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಭದ್ರವಾಗಿದೆ. ಯಾರೇ ಸಿಗಲಿ, ಮದುವೆ ಊಟದ ಪಂಕ್ತಿಯಿರಲಿ, ಗಂಜ್ ಮಾರುಕಟ್ಟೆಯ ಚಹದಂಗಡಿಯಿರಲಿ, ಮೊಬೈಲಿನ ಟಾರ್ಚ್ ಹಚ್ಚಿ, ಬಾಯಿ ಆ ಅಂತ ತೆರೆದು ಒಂದೇ ಪ್ರಶ್ನೆ: "ಇದರಾಗ ಕ್ಯಾಪ್ ಯಾವ್ದು ಅಂತ ಹೇಳ್ರಿ ನೋಡೂಣು!"

ಮಾಮಾಗೆ ಜರ್ದಾ ಪಾನ್ ಚಟ. ಉಳಿದ ಹಲ್ಲುಗಳೆಲ್ಲ ಕಾಚಿನ ಬಣ್ಣ. ಕ್ಯಾಪ್ ಮಾಡಿಸುವಾಗ ಡಾಕ್ಟರ್ ಎ1ರಿಂದ ಡಿ4ರವರೆಗಿನ 16 ಛಾಯೆಗಳ ಮಾದರಿ ಹಲ್ಲುಗಳನ್ನು ಒಂದೊಂದೇ ಹಿಡಿದು, ನಿಮಗೆ ಹೊಂದುವುದು ಇದು ಅಂದರಂತೆ. "ರೊಕ್ಕ ಕೊಡಾಂವ ನಾ, ಬೆಳ್ಳಗಂದು ಹಾಕ್ರಿ" ಎಂದು ಇವರು ಹಟ ಹಿಡಿದರು. ಈಗ ಬಾಯಿ ತೆರೆದರೆ ಟಾರ್ಚ್ ಹಚ್ಚುವ ಅಗತ್ಯವೇ ಇಲ್ಲ. ಆದರೂ ಮನೆಯ ಅಳಿಯ. ಹಿರಿಯರೆಲ್ಲ ಬಗ್ಗಿ ನೋಡಿ, ಗದ್ದ ತುರಿಸಿಕೊಂಡು, ಬೇಕೆಂದೇ ಮುಂದಿನ ಹಲ್ಲು ತೋರಿಸುತ್ತಾರೆ. "ಸೋತ್ರಿ!" ಎಂದು ಮಾಮಾ ಕುಣಿದಾಡುತ್ತಾರೆ. ಒಂದು ಸೀಮಂತದಲ್ಲಿ ಸಣ್ಣ ಹುಡುಗಿಯೊಂದು ಥಟ್ಟನೆ ಬೆರಳು ತೋರಿಸಿ "ಬೆಳ್ಳಗಿದ್ದದ್ದು" ಅಂದುಬಿಟ್ಟಿತು. ಅವತ್ತು ಮಾಮಾ ಹೋಳಿಗೆ ಮುಟ್ಟಲಿಲ್ಲ.

"ಕ್ಯಾಪೇ ಹಾಕಿಸ್ಕೊ, ವಾರಂಟಿ ಬರ್ತದ" ಎಂದು ದಿನಾ ಫೋನು. ಒಳ್ಳೆಯ ಹಲ್ಲನ್ನು ಅರೆಯಲು ಮಾತ್ರ ನನಗೆ ಮನಸ್ಸಾಗಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ನೆನಪಾದಳು. ಅವಳ ಕಾಲಕ್ಕೆ ಇದ್ದವು ಎರಡೇ: ನೋವು ತಡಕೊಳ್ಳುವುದು, ಇಲ್ಲ ಕೀಳಿಸುವುದು. ಕೊನೆಕೊನೆಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ನುಂಗುತ್ತಿದ್ದಳು. ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹಿಡಿದು ಕೂತರೆ, "ಇಲ್ಲೇ ಬಾಜೂಕ ಕುಂತು ತಿನ್ನಪ, ನಾ ಸಪ್ಪಳ ಕೇಳ್ತೀನಿ" ಅನ್ನುತ್ತಿದ್ದಳು.

ಕಾಂಪೋಸಿಟ್ ಅಂದೆ. "ಮುಂದ ಬಿರುಕು ಬಿಟ್ರ ಕ್ಯಾಪ್ ಹಾಕಬೇಕಾಗ್ತದ, ಆವಾಗ ನನಗ ಬೈಬ್ಯಾಡ್ರಿ" ಎಂದು ಡಾಕ್ಟರ್ ಮೊದಲೇ ಹೇಳಿಕೊಂಡರು. ಆಸಿಡ್ ಜೆಲ್ ಹಚ್ಚಿದರು, ತೊಳೆದರು, ತೆಳ್ಳಗೆ ಒಂದು ಪದರ ಹಚ್ಚಿ ನೀಲಿ ಲೈಟ್ ಬಿಟ್ಟರು, ಅದು ಗಟ್ಟಿಯಾದ ಮೇಲೆ ಮತ್ತೊಂದು. ಕಪ್ಪು ಕಾಗದ ಕಚ್ಚಿಸಿ ಎತ್ತರ ನೋಡಿ ಉಜ್ಜಿದರು. ಎರಡು ದಿನ ಚಾ, ಅರಿಶಿನ ಬೇಡ ಅಂದರು. ಅರಿಶಿನ ಬಿಟ್ಟು ನಮ್ಮ ಮನೆಯಲ್ಲಿ ಬೇಯುವುದು ಸ್ನಾನದ ನೀರೊಂದೇ.

ಸಂಜೆಗೆ ಮಾಮಾ ಹಾಜರ್. ನನ್ನ ಗದ್ದ ಹಿಡಿದು, ಟಾರ್ಚ್ ಹಚ್ಚಿ, ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು. ಚಷ್ಮಾ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಅಕ್ಕನನ್ನೂ ಕರೆದು ತೋರಿಸಿದರು. ಇಬ್ಬರಿಗೂ ಸಿಗಲಿಲ್ಲ. ಮಾಮಾ ಟಾರ್ಚ್ ಆರಿಸಿ, ಸೋಫಾದಲ್ಲಿ ಕೂತು, ನಿಟ್ಟುಸಿರು ಬಿಟ್ಟರು.

"ಕಾಣಸೂದೇ ಇಲ್ಲ ಅಂದ್ರ, ರೊಕ್ಕ ಯಾಕ ಕೊಟ್ಟಿ ತಮ್ಮಾ?"