ಉದ್ದ ಸರಿ, ಆಳ ಎಷ್ಟು?

ನಿನ್ನೆ ಸ್ಕೂಟರಿನ ಮುಂದಿನ ಚಕ್ರ ರಿಮ್ಮಿನ ತನಕ ಮುಳುಗಿತು. ನೋಡೋಕೆ ಚಹಾ ಬಣ್ಣದ ಸಣ್ಣ ಹೊಂಡ, ಒಳಗೆ ಪಾತಾಳ! ಹೋದ ತಿಂಗಳಷ್ಟೇ ಡಾಂಬರು ಕಂಡ ರಸ್ತೆ ಇದು. ಅದು ಆರೋದನ್ನೇ ಕಾಯ್ತಿದ್ದರೇನೋ, ಮೊದಲು ಪೈಪಿನವರು ಅಗೆದರು, ಅವರು ಮುಚ್ಚಿದ್ದನ್ನು ಕೇಬಲ್‌ನವರು ಅಗೆದರು. ಮುಚ್ಚೋದು ಅಂದ್ರೆ ಒಂದು ಬುಟ್ಟಿ ಮಣ್ಣು, ಅದರ ಮೇಲೊಂದು ಮರದ ಕೊಂಬೆ.

ಭಾರತದ ರಸ್ತೆ ಜಾಲ 60 ಲಕ್ಷ ಕಿಲೋಮೀಟರಿಗೂ ಹೆಚ್ಚಂತೆ. ಉದ್ದ ಸರಿ ಸ್ವಾಮಿ, ಆಳ ಅಳೆದವರು ಯಾರು? ಅದರಲ್ಲಿ ರಾಷ್ಟ್ರೀಯ ಹೆದ್ದಾರಿ ಶೇ 3ಕ್ಕೂ ಕಡಿಮೆ, ಟಿವಿಯಲ್ಲಿ ಮಿಂಚೋದು ಮಾತ್ರ ಅದೊಂದೇ. ಉಳಿದದ್ದರಲ್ಲಿ ಓಡಾಡೋ ನಾವೇನು ಹರಕೆ ಹೊತ್ತವರೇ? ಮಂತ್ರಿ ಬರೋ ಹಿಂದಿನ ರಾತ್ರಿ ಅದೇ ಗುಂಡಿ ಹೇಗೆ ಮಾಯವಾಗುತ್ತೆ?

ಸೊಟ್ಟಗಾದ ರಿಮ್ಮು ನೋಡಿ ಮೆಕ್ಯಾನಿಕ್ ನಕ್ಕ: ‘ಈ ವಾರ ನೀವು ಏಳನೆಯವರು.’