ದುಡ್ಡು ಕೊಟ್ಟವನಿಗೇ ಬೀಗ

ಪ್ರಿನ್ಸ್ ಆಫ್ ಪರ್ಷಿಯಾ ಅಂತ ಹಳೇ ಕಂಪ್ಯೂಟರ್ ಆಟ ಉಂಟಲ್ವಾ, ವಿಂಡೋಸಿಗೂ ಹಳೇ ಡಾಸ್‌ನಲ್ಲಿ ಆಡೋದು, ಅದರಲ್ಲಿ ಮೊದಲ ಲೆವೆಲ್ ಮುಗಿದ ಕೂಡ್ಲೆ ಒಂದು ಕೋಣೆ ಬರ್ತದೆ, ಅಲ್ಲಿ ಬಾಟ್ಲಿಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ಆಟದ ಜೊತೆ ಬಂದ ಪುಸ್ತಕದ ಇಂಥಾ ಪುಟ, ಇಂಥಾ ಸಾಲು, ಇಂಥಾ ಶಬ್ದದ ಮೊದಲ ಅಕ್ಷರ ಯಾವುದೋ ಆ ಬಾಟ್ಲಿ ಕುಡಿ ಅಂತ ಆಜ್ಞೆ. ನಮ್ಮ ಕಾಸರಗೋಡಿಗೆ ಆಟ ಬಂದದ್ದೇ ಫ್ಲಾಪಿಯಿಂದ ಫ್ಲಾಪಿಗೆ ಹಾರಿ, ಪುಸ್ತಕ ಕಂಡವರು ಯಾರು ಮಾರಾಯ್ರೆ! ಆದ್ರೂ ಯಾರೋ ಪುಣ್ಯಾತ್ಮ ಉತ್ತರಗಳನ್ನೆಲ್ಲ ಹಾಳೆಯಲ್ಲಿ ಬರೆದು ಝೆರಾಕ್ಸ್ ಮಾಡಿಸಿ ಹಂಚಿದ್ದ, ಆ ಝೆರಾಕ್ಸಿನ ಝೆರಾಕ್ಸ್ ನಮ್ಮ ಕೈಗೆ ಬರುವಾಗ ಇ ಯಾವುದು ಎಫ್ ಯಾವುದು ಗೊತ್ತಾಗ್ತಿರಲಿಲ್ಲ.

ನಕಲು ಮಾಡಿ ಆಡದ ಹಾಗೆ ಕಂಪೆನಿ ಹಾಕಿದ ಆ ಬೀಗದ ಮೇಲೆ ನಂಗೆ ಸಿಟ್ಟಿಲ್ಲ. ಒಮ್ಮೆ ಕೇಳಿ ಸುಮ್ನಾಗ್ತಿತ್ತು. ಆಮೇಲಿನದ್ದು ಹಾಗಲ್ಲ. 2008ರಲ್ಲಿ ಇಎ ಕಂಪೆನಿಯ ಸ್ಪೋರ್ ಅನ್ನೋ ಆಟ ಬಂದಾಗ 3 ಸಲ ಮಾತ್ರ ಕಂಪ್ಯೂಟರಿಗೆ ಹಾಕಿ ಆಕ್ಟಿವೇಟ್ ಮಾಡ್ಬಹುದು ಅಂದ್ರು, ಜನ ಅಮೆಜಾನಿಗೆ ಹೋಗಿ ಸಾವಿರಗಟ್ಟಲೆ ಒಂದು ಸ್ಟಾರ್ ಒತ್ತಿ ಬಂದ್ರು, ಕಂಪೆನಿ 5ಕ್ಕೆ ಏರಿಸಿತು. ಕದ್ದು ಆಡಿದವರಿಗೆ 3 ಇಲ್ಲ, 5 ಕೂಡ ಇಲ್ಲ, ಅವರ ಪ್ರತಿಯಲ್ಲಿ ಬೀಗವೇ ಇರಲಿಲ್ಲ ಅಲ್ವಾ.

ಮತ್ತೆ ಬಂದದ್ದು ಯಾವಾಗ್ಲೂ ನೆಟ್ ಬೇಕು ಅನ್ನೋ ಕಾಟ. 2013ರ ಸಿಮ್‌ಸಿಟಿ ಒಬ್ಬನೇ ಕೂತು ಊರು ಕಟ್ಟೋ ಆಟ, ಅದಕ್ಕೂ ಕಂಪೆನಿಯ ಕಂಪ್ಯೂಟರಿಗೆ, ಅಂದ್ರೆ ಸರ್ವರಿಗೆ, ನೆಟ್ ಮೂಲಕ ಕನೆಕ್ಟ್ ಆಗ್ಬೇಕಂತೆ, ಬಿಡುಗಡೆ ದಿನವೇ ಸರ್ವರ್ ಮಲಗಿತು, ದುಡ್ಡು ಕೊಟ್ಟವರು ಕ್ಯೂನಲ್ಲಿ. ನೆಟ್ ಇಲ್ಲದೆ ಆಗೋದೇ ಇಲ್ಲ ಅಂತ ಹೇಳಿದವರೇ ಮರುವರ್ಷ ಆಫ್‌ಲೈನ್ ಮೋಡ್ ಕೊಟ್ರು! ಎಂತ ಹೇಳೋದು.

ಈ ಐಡಿಯಾ ಮಾಡಿದವರು ಜುಲೈ ತಿಂಗಳಲ್ಲಿ ಬದಿಯಡ್ಕ ಕಡೆ ಒಂದು ವಾರ ಇರ್ಬೇಕಿತ್ತು. ಗಾಳಿಗೆ ಕಂಗು ಲೈನಿನ ಮೇಲೆ ಬಿದ್ರೆ ಕರೆಂಟ್ ಯಾವಾಗ ಬರ್ತದೆ ಅಂತ ಲೈನ್‌ಮ್ಯಾನಿಗೂ ಗೊತ್ತಿಲ್ಲ, ಮೊಬೈಲಲ್ಲಿ ಒಂದು ಕಡ್ಡಿ ರೇಂಜ್, ಅದೂ ಜಗಲಿಯ ಮೂಲೆಯಲ್ಲಿ. ಅಕ್ಕನ ಮಗ ಹಬ್ಬಕ್ಕೆ ಸಿಕ್ಕಿದ ದುಡ್ಡೆಲ್ಲ ಒಟ್ಟು ಮಾಡಿ ತಗೊಂಡ ಆಟ, ಲ್ಯಾಪ್‌ಟಾಪಲ್ಲಿ ಚಾರ್ಜ್ ಫುಲ್ ಉಂಟು, ಸ್ಕ್ರೀನಲ್ಲಿ ಮಾತ್ರ ಕನೆಕ್ಟಿಂಗ್ ಅಂತ ಚಕ್ರ ತಿರುಗ್ತಾ ಉಂಟು. ಆಚೆಮನೆ ಹುಡುಗ ಅದೇ ಆಟವನ್ನ ಪೆನ್ ಡ್ರೈವಿನಿಂದ ಹಾಕಿಸ್ಕೊಂಡವ, ಎಂಟನೇ ಮಿಷನ್ ತಲುಪಿದ್ದಾನೆ, ಮೇಲಿಂದ ನಮ್ಮವನಿಗೆ ಟಿಪ್ಸ್ ಬೇರೆ. ಕದಿಯೋದು ಸರಿ ಅಂತ ನಾನು ಹೇಳುದಿಲ್ಲ, ಆದ್ರೆ ಆ ಹೊತ್ತಲ್ಲಿ ಪ್ರಾಮಾಣಿಕತೆ ಬಗ್ಗೆ ಪಾಠ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ.

ಕಡೇಗೆ 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್‌ನವರು ದಿ ಕ್ರೂ ಅನ್ನೋ ಕಾರ್ ರೇಸಿನ ಸರ್ವರೇ ಬಂದ್ ಮಾಡಿದ್ರು, ಡಿಸ್ಕ್ ಕೈಯಲ್ಲಿ ಇದ್ದವರಿಗೂ ಆಟ ಇಲ್ಲ, ಕೇಳಿದ್ರೆ ನೀವು ತಗೊಂಡದ್ದು ಆಟ ಅಲ್ಲ, ಬರೀ ಆಡುವ ಲೈಸೆನ್ಸ್ ಅಂತ. ಇದನ್ನ ಭಾವನಿಗೆ ಓದಿ ಹೇಳಿದೆ. ಅಡಿಕೆ ಸುಲೀತಾ ಇದ್ದವರು ತಲೆ ಎತ್ತಿ, "ಹಾಗಾದ್ರೆ ಅದು ಕ್ರಯ ಅಲ್ಲ, ಗೇಣಿ. ಗೇಣಿ ನಮ್ಮ ಕೇರಳದಲ್ಲಿ 1970ರಲ್ಲೇ ರದ್ದಾಗಿದೆ ಅಂತ ಅವರಿಗೊಂದು ಕಾಗದ ಬರಿ" ಅಂದ್ರು.